ಹಿಡಿಯರಿವೆಯ ಹೊಟ್ಟೆಗೇನು ತುಂಬಬೇಕು?

ಎಳ್ಳ ಅಮಾಸಿಯ ಹಿಂದಿನ ದಿನ. ಕಮಲಾಪುರದ ತವರುಮನೆಯಲ್ಲಿ ಸಜ್ಜಿರೊಟ್ಟಿ ಬಡಿಯುವ ಸಪ್ಪಳ ಬೆಳಗಿನಿಂದ ನಿಂತಿರಲಿಲ್ಲ. ಕಟ್ಟಿಗೆ ಒಲೆಯ ಮೇಲಿನ ಕಬ್ಬಿಣದ ಹಂಚು ಇಳಿಸಲು ನಾನೇ ಮುಂದಾದೆ. ಕೈಯಲ್ಲಿ ನಾನೇ ಹೊಲಿದ, ದಿಂಬಿನಂತೆ ಉಬ್ಬಿದ, ಹೂವಿನ ಹಿಡಿಯರಿವೆ ಒಂದು ಜೋಡಿ. ನಾಲ್ಕು ಹೆಜ್ಜೆ ಇಡುವುದರೊಳಗೆ ಕಮಟು ವಾಸನೆ ಬಂತು, ಬೆರಳ ಕೆಳಗೆ ಏನೋ ಕುಸಿಯಿತು, ಹಂಚನ್ನು ಅಲ್ಲೇ ನೆಲಕ್ಕೆ ಬಿಟ್ಟೆ. ಹಂಚಿನ ಅಂಚಿಗೆ ಕರಗಿದ ಅಂಟು, ನನ್ನ ಎರಡು ಬೆರಳಿಗೆ ಗುಳ್ಳೆ.

"ಚಂದ ಅದಾವ ಖರೆ, ಒಳಗ ಏನ್ ತುಂಬೀದಿ?" ಅಂದಳು ಅವ್ವ.

ಏನೆಂದು ಹೇಳಲಿ? ಕಲಬುರಗಿಯ ಅಂಗಡಿಯೊಂದರಲ್ಲಿ 'ಪ್ಯೂರ್ ಕಾಟನ್' ಎಂದು ಕೊಟ್ಟದ್ದನ್ನು ತಂದು ತುಂಬಿದ್ದೆ. ಉಳಿದದ್ದರಲ್ಲಿ ಒಂದು ಚಿಟಿಕೆ ಇಕ್ಕಳದಲ್ಲಿ ಹಿಡಿದು ಅವ್ವ ಒಲೆಗೆ ತೋರಿಸಿದಳು. ಅದು ಮುದುಡಿ, ಕರಗಿ, ಕರೀ ಮಣಿಯಂತೆ ಗಟ್ಟಿಯಾಯಿತು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಕರಿ. ಪಾಲಿಯೆಸ್ಟರಿನಂಥ ಕೃತಕ ಎಳೆಯಾದರೆ ಹೀಗೆ ಮಣಿಯಾಗುತ್ತದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನನಗೆ ಅದು ಗುಳ್ಳೆ ಎದ್ದ ಮೇಲೆ ಗೊತ್ತಾಯಿತು.

ಪಾಲಿಯೆಸ್ಟರ್ ತುಂಬು ಕೆಟ್ಟದ್ದೇನಲ್ಲ. ರಜಾಯಿಗೆ ಅದೇ ಹಗುರ, ಅದೇ ಬೆಚ್ಚಗೆ. ಅಲ್ಲಿ ನಮ್ಮನ್ನು ಕಾಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದರೆ ಹಂಚನ್ನು ಯಾರೂ ಸಡಿಲವಾಗಿ ಹಿಡಿಯುವುದಿಲ್ಲ. ಗಟ್ಟಿಯಾಗಿ ಒತ್ತಿದ ಕೂಡಲೇ ಆ ಉಬ್ಬು ಕಾಗದದಷ್ಟಾಗುತ್ತದೆ, ಗಾಳಿ ಹೊರಗೆ. ಮೇಲಾಗಿ ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಟ್ಟಿಗೆ ಉರಿಯಲ್ಲಿ ಕಾದ ಹಂಚಿಗೆ ಅದೇನು ದೊಡ್ಡ ಮಾತಲ್ಲ. ಮದುವೆಯಲ್ಲಿ ತಾಂಬೂಲ ಹಾಕಿಕೊಡುವ ಬಟ್ಟೆಯಂಥ ಚೀಲಗಳು ಇನ್ನೂ ಮೋಸ. ಅವು ಪಾಲಿಪ್ರೊಪಿಲೀನ್, 160ರ ಹತ್ತಿರವೇ ಕರಗುತ್ತವೆ. ಸ್ಪಂಜಿನ ಮಾತು ಎತ್ತುವುದೇ ಬೇಡ.

ಕಲಬುರಗಿಗೆ ಮರಳಿದ ಮೇಲೆ ಹಟಕ್ಕೆ ಬಿದ್ದೆ. ಮಗಳು ಆನ್‌ಲೈನಿನಲ್ಲಿ 'ಇನ್ಸುಲ್-ಬ್ರೈಟ್' ಎಂಬ ಹಾಳೆ ತರಿಸಿಕೊಟ್ಟಳು. ನಡುವೆ ಹೊಳೆಯುವ ಲೋಹದ ಪೊರೆ, ಎರಡೂ ಬದಿ ಪಾಲಿಯೆಸ್ಟರ್ ಎಳೆ. ಬರುವ ಶಾಖವನ್ನು ಅದು ಹಿಂದಕ್ಕೆ ತಳ್ಳುತ್ತದೆ, ನಿಜ. ಆದರೆ ಅದೊಂದರಿಂದಲೇ ಕೈ ಉಳಿಯದು, ಜೊತೆಗೆ ಹತ್ತಿಯ ಪದರ ಬೇಕೇ ಬೇಕು. ಲೋಹವಿರುವುದರಿಂದ ಮೈಕ್ರೋವೇವ್ ಒಳಗೆ ಇಡುವ ಹಾಗೂ ಇಲ್ಲ. ಕುಕ್ಕರಿಗೆ, ಬ್ಯಾಳಿ ಬೋಗಾಣಿಗೆ ಚೆನ್ನಾಗಿದೆ. ಹಂಚಿಗೆ ನಾನು ಅದನ್ನು ನಂಬಲಿಲ್ಲ. ಬೆಲೆ ನೋಡಿದ ಮೇಲಂತೂ ಎರಡನೇ ಸಲ ತರಿಸಲೂ ಇಲ್ಲ.

ಪಿಂಜಾರರ ಹತ್ತಿರ ಹಿಂಜಿದ ಅರಳೆಯನ್ನೂ ತುಂಬಿ ನೋಡಿದೆ. ಶಾಖ ತಡೆಯಿತು. ಎರಡು ಸಲ ಒಗೆದದ್ದೇ ತಡ, ಅರಳೆಯೆಲ್ಲ ಒಂದು ಮೂಲೆಗೆ ಗಂಟಾಗಿ ಕೂತಿತು. ಒತ್ತೊತ್ತಾಗಿ ಹೊಲಿದರೆ ಗಂಟಾಗದು, ಆದರೆ ಹಾಗೆ ಹೊಲಿದಷ್ಟೂ ಗಾಳಿಯ ಜಾಗ ಕಡಿಮೆ.

ಕೊನೆಗೆ ದಾರಿ ಸಿಕ್ಕಿದ್ದು ಅವ್ವನ ಕೌದಿಯಲ್ಲಿ. ಅದರೊಳಗೆ ಹತ್ತಿಯನ್ನೇ ತುಂಬಿಲ್ಲ. ಹಳೇ ಸೀರೆ, ಮುತ್ಯಾನ ಧೋತರ, ಪದರದ ಮೇಲೆ ಪದರ, ಉದ್ದಕ್ಕೂ ಕೈಹೊಲಿಗೆಯ ಸಾಲು. ನೂರಾರು ಸಲ ಒಗೆದ ಬಟ್ಟೆ ಇನ್ನು ಕುಗ್ಗುವುದೂ ಇಲ್ಲ, ಸರಿದು ಗಂಟಾಗುವುದೂ ಇಲ್ಲ. ಅದೇ ಲೆಕ್ಕದಲ್ಲಿ ಎಂಟು ಇಂಚು ಚೌಕದ ಧೋತರದ ಆರು ಪದರ ಮಾಡಿದೆ. ಅವುಗಳ ನಡುವೆ ಹಳೇ ಕುರಿ ಕಂಬಳಿಯ ಒಂದು ತುಂಡು. ನನ್ನ ಪ್ರಯೋಗಗಳಲ್ಲಿ ಗೆದ್ದದ್ದು ಈ ಕಂಬಳಿಯೇ. ನಮ್ಮ ಕಡೆಯ ಕುರಿಯ ಒರಟು ಉಣ್ಣೆ ಒತ್ತಿದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ, ಬೇಗ ಉರಿಯೂ ಹಿಡಿಯುವುದಿಲ್ಲ. ಬಿಸಿನೀರಿಗೆ ಮಾತ್ರ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಒಮ್ಮೆ ಬಿಸಿನೀರಲ್ಲಿ ತಿಕ್ಕಿ ಒಗೆದು ಒಣಗಿಸಿಬಿಡಿ. ಇನ್ನಷ್ಟು ದಪ್ಪವಾಗಿ ಬಿಗಿಯುತ್ತದೆ. ಈಗ ಕಂಬಳಿಯ ಹೆಸರಲ್ಲಿ ಅಕ್ರಿಲಿಕ್ ಕೂಡ ಮಾರುತ್ತಾರೆ, ಸುಟ್ಟು ನೋಡದೆ ನಂಬಬೇಡಿ. ನನ್ನ ಮಿಷನ್ನಿನ ಪಾದದ ಕೆಳಗೆ ಇಷ್ಟು ದಪ್ಪ ತೂರಲಿಲ್ಲ, ದಪ್ಪ ಸೂಜಿ ಹಿಡಿದು ಕೈಯಲ್ಲೇ ಹೊಲಿದೆ. ದಾರವೂ ನೂಲಿನದೇ ಇರಲಿ. ಬಟ್ಟೆ ಹತ್ತಿಯದಾಗಿ ದಾರ ಪಾಲಿಯೆಸ್ಟರಿನದಾದರೆ ಮೊದಲು ಹೊಲಿಗೆ ಕರಗಿ ಬಿಚ್ಚುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಮತ್ತೆ ಕೈ ಸುಟ್ಟಿತು. ತೊಳೆಯುವ ಕಲ್ಲಿನ ಮೇಲೆ ಬಿದ್ದಿದ್ದ ಅದೇ ಹಿಡಿಯರಿವೆಯಿಂದ ಬ್ಯಾಳಿ ಬೋಗಾಣಿ ಎತ್ತಿದ್ದೆ. ಬಟ್ಟೆಯ ಒಂದು ಮೂಲೆ ನೆನೆದಿತ್ತು. ಗಾಳಿಗಿಂತ ನೀರು ಸುಮಾರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಒಯ್ಯುತ್ತದೆ. ಫೋನಿನಲ್ಲಿ ಹೇಳಿಕೊಂಡರೆ ಅವ್ವ, "ಹಸಿ ಅರಿವಿಲೆ ಬಿಸಿ ಹಿಡೀಬ್ಯಾಡಂತ ಸಣ್ಣಾಕಿದ್ದಾಗೇ ಹೇಳಿದ್ದಿಲ್ಲೇನವ್ವಾ?" ಅಂದಳು. ಹೇಳಿದ್ದಳು.

ಈಗ ಎರಡು ಜೋಡಿ ಹೊಲಿದಿಟ್ಟಿದ್ದೇನೆ, ಒಂದು ಒಗೆಯಲು ಬಿದ್ದಾಗ ಇನ್ನೊಂದು ಒಣಗಿರುತ್ತದೆ. ನೀವು ಹೊಲಿಯುವುದಾದರೆ ಅಂಗಡಿಯವನ ಹತ್ತಿರ ಮೊದಲು ಒಂದು ಚಿಟಿಕೆ ಕೇಳಿ ತನ್ನಿ. ಮನೆಯಲ್ಲಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಮಣಿಯಾದರೆ ಕೊಳ್ಳಬೇಡಿ.