ಡರ್ಟಿ ಕೌ: ಒಂದು ದೋಷ, ನಾಲ್ಕು ತಿದ್ದುಪಡಿ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ ಕಂಡ ಭದ್ರತಾ ದೋಷವನ್ನು ತಿದ್ದಲು ಬಹಳ ಸಲ ಕೆಲವೇ ಸಾಲು ಸಾಕಾಗುತ್ತವೆ. ಆ ಸಾಲುಗಳು ಯಾವ ನಂಬಿಕೆಯ ಮೇಲೆ ನಿಂತಿವೆ ಎಂದು ತಿಳಿಯುವುದೇ ನಿಜವಾದ ಕೆಲಸ. ಬೆಳಗಾವಿಯ ಟಿಳಕವಾಡಿಯಲ್ಲಿದ್ದು ಉದ್ಯಮಬಾಗ ಮತ್ತು ಖಾನಾಪುರದ ಸಣ್ಣ ಕಾರ್ಖಾನೆಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಈ ಲೇಖಕ ಆ ಮಾತನ್ನು ಮನಗಂಡದ್ದು ‘ಡರ್ಟಿ ಕೌ’ ಎಂಬ ದೋಷದ ಬೆನ್ನು ಹತ್ತಿದಾಗ.

ಸಿವಿಇ-2016-5195 ಎಂಬ ಸಂಖ್ಯೆಯ ಈ ದೋಷ ಇದ್ದದ್ದು ಲಿನಕ್ಸ್ ಕರ್ನೆಲ್‌ನ ಮೆಮೊರಿ ನಿರ್ವಹಣೆಯಲ್ಲಿ. ಓದಲು ಮಾತ್ರ ಅನುಮತಿಯಿರುವ ಫೈಲನ್ನು ಒಂದು ಪ್ರೋಗ್ರಾಮ್ ತನ್ನ ಮೆಮೊರಿಗೆ ಖಾಸಗಿಯಾಗಿ ತಂದುಕೊಂಡು ಬರೆಯಲು ಹೊರಟರೆ, ಕರ್ನೆಲ್ ಬರೆಯಬೇಕಾದ ಮೆಮೊರಿ ಪುಟದ ಪ್ರತಿ ಮಾಡಿ ಅದರ ಮೇಲೆ ಬರೆಯಲು ಬಿಡುತ್ತದೆ. ಮೂಲ ಫೈಲಿಗೆ ಧಕ್ಕೆಯಿಲ್ಲ. ಪ್ರತಿ ಸಿದ್ಧವಾದ ಮೇಲೆ ಕರ್ನೆಲ್ ‘ಇದು ಬರೆಯುವ ಬೇಡಿಕೆ’ ಎಂಬ ಗುರುತನ್ನು ತೆಗೆದು, ಪುಟವನ್ನು ಮತ್ತೊಮ್ಮೆ ಹುಡುಕುತ್ತಿತ್ತು. ಆ ಕ್ಷಣಾರ್ಧದಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆ (ಥ್ರೆಡ್) ‘ಆ ಪ್ರತಿ ಬೇಡ’ ಎಂದು ಅದನ್ನು ಎಸೆದುಬಿಟ್ಟರೆ ಕರ್ನೆಲ್ ಕೈಗೆ ಸಿಗುತ್ತಿದ್ದದ್ದು ಮೂಲ ಪುಟ. ಬರಹ ಬೀಳುತ್ತಿದ್ದದ್ದೂ ಅದರ ಮೇಲೆಯೇ. ಸಾಮಾನ್ಯ ಬಳಕೆದಾರ ಹೀಗೆ ಪಾಸ್‌ವರ್ಡ್ ಫೈಲನ್ನೇ ತಿದ್ದಿ ರೂಟ್ ಅಧಿಕಾರ ಪಡೆಯಬಹುದಿತ್ತು.

ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲೇ ಒಮ್ಮೆ ತಿದ್ದಿದ್ದರು. ಐಬಿಎಮ್‌ನ ಎಸ್390 ಯಂತ್ರಗಳಲ್ಲಿ ತೊಂದರೆ ಬಂದದ್ದರಿಂದ ಆ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಆಗ ಇದು ಕಾಗದದ ಮೇಲಿನ ಅಪಾಯ ಮಾತ್ರ. ಮೆಮೊರಿ ವ್ಯವಸ್ಥೆ ಬೆಳೆದಂತೆ ಅದನ್ನು ಮುಟ್ಟುವುದು ಸುಲಭವಾಯಿತು. 2016ರ ಅಕ್ಟೋಬರಿನಲ್ಲಿ ಭದ್ರತಾ ಸಂಶೋಧಕ ಫಿಲ್ ಓಸ್ಟರ್ ಇದರ ಮೇಲೆ ನಿಜವಾದ ದಾಳಿ ನಡೆಯುತ್ತಿರುವುದನ್ನು ಪತ್ತೆ ಹಚ್ಚಿದಾಗ, ಟೊರ್ವಾಲ್ಡ್ಸ್ ಅವರೇ ಇಪ್ಪತ್ತು ಸಾಲಿಗಿಂತ ಚಿಕ್ಕ ಪ್ಯಾಚ್ ಬರೆದರು: ಬರೆಯುವ ಗುರುತನ್ನು ತೆಗೆಯುವುದು ಬೇಡ, ಪ್ರತಿಯಾಗಿದೆ ಎಂಬುದಕ್ಕೆ ಬೇರೆ ಗುರುತು ಇರಲಿ, ಪುಟಕ್ಕೆ ಬರೆಯಲಾಗಿದೆ ಎಂದು ಸೂಚಿಸುವ ‘ಡರ್ಟಿ’ ಬಿಟ್ ಕೂಡ ಹತ್ತಿದ್ದರೆ ಮಾತ್ರ ಅದನ್ನು ನಂಬಬೇಕು.

ಇಡೀ ಕಥೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದು. ಡರ್ಟಿ ಬಿಟ್ ಹತ್ತಿದ್ದರೆ ಪುಟ ಪ್ರತಿಯೇ ಆಗಿರಬೇಕು ಎಂಬ ಹೊಸ ನಂಬಿಕೆ ಅಲ್ಲಿ ಹುಟ್ಟಿತು. ಕರ್ನೆಲ್‌ನ ಬೇರೆ ಭಾಗಗಳಿಗೆ ಆ ನಿಯಮದ ಸುದ್ದಿಯೇ ಇರಲಿಲ್ಲ. ದೊಡ್ಡ ಗಾತ್ರದ ಪುಟಗಳ ಕೋಡಿಗೆ 2017ರ ಆರಂಭದಲ್ಲಿ ಇದೇ ಪರೀಕ್ಷೆಯನ್ನು ಸೇರಿಸಿದರು. ಆದರೆ ಅಲ್ಲಿ ಬರೀ ಓದಿದರೂ ಡರ್ಟಿ ಬಿಟ್ ಹತ್ತುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ‘ಹ್ಯೂಜ್ ಡರ್ಟಿ ಕೌ’ ಹೊರಬಂತು, ಮತ್ತೊಂದು ಪ್ಯಾಚ್ ಬೇಕಾಯಿತು. ಮುಂದೆ ಬರೆಯುವ ಅನುಮತಿಯಿಲ್ಲದ ಷೇರ್ಡ್ ಮೆಮೊರಿ ಪುಟದಲ್ಲೂ ಆ ಬಿಟ್ ಹತ್ತಬಹುದಾದ ದಾರಿ 5.16ನೇ ಆವೃತ್ತಿಯಲ್ಲಿ ತೆರೆದುಕೊಂಡಿತು. 2022ರಲ್ಲಿ ಕರ್ನೆಲ್ ಡೆವಲಪರ್ ಡೇವಿಡ್ ಹಿಲ್ಡೆನ್‌ಬ್ರಾಂಡ್ 2016ರ ಗುರುತನ್ನೇ ಬೇರುಸಹಿತ ಕಿತ್ತು, ಪುಟ ಈ ಪ್ರೋಗ್ರಾಮಿಗಷ್ಟೇ ಸೇರಿದ್ದೇ ಎಂದು ನೇರವಾಗಿ ಕೇಳುವ ಪರೀಕ್ಷೆ ತಂದರು. 2016ರಿಂದ ಬಂದ ನಾಲ್ಕರ ಪೈಕಿ ಮೊದಲ ಮೂರು ಪ್ಯಾಚ್‌ಗಳಲ್ಲಿ ಯಾವುದೂ ಬೇಜವಾಬ್ದಾರಿಯದ್ದಲ್ಲ. ಆದರೂ ಬೇಕಾಗಿದ್ದ ಪ್ರಶ್ನೆಯನ್ನೇ ಕೇಳಿದ್ದು ಕೊನೆಯದು. ಹಿಂದಿನವು ಅದರ ಬದಲಿಗೆ ಹತ್ತಿರದ ಒಂದು ಲಕ್ಷಣವನ್ನು ನೋಡಿ ತೃಪ್ತಿಪಟ್ಟವು.

ದೋಷ ಬಯಲಾದ ದಿನಕ್ಕೂ ಹೊಸ ಕರ್ನೆಲ್ ಕೈಸೇರುವ ದಿನಕ್ಕೂ ನಡುವಿನ ಅವಧಿ ಅತಿ ಅಪಾಯದ್ದು. 2016ರಲ್ಲಿ ಆ ಅವಧಿಗೆಂದು ರೆಡ್ ಹ್ಯಾಟ್ ಒಂದು ಸಿಸ್ಟಮ್‌ಟ್ಯಾಪ್ ಸ್ಕ್ರಿಪ್ಟ್ ಕೊಟ್ಟಿತು. ದಾಳಿಗೆ ಬೇಕಾದ ಎರಡು ದಾರಿಗಳನ್ನು ಅದು ಓಡುತ್ತಿರುವ ಕರ್ನೆಲ್‌ನಲ್ಲೇ ಕಟ್ಟುತ್ತಿತ್ತು. ಅದರಿಂದ, ಅಂಥ ದಾರಿ ಬಳಸುವ ಡಿಬಗ್ಗರ್‌ಗಳೂ ಕೆಲಸ ನಿಲ್ಲಿಸುತ್ತಿದ್ದವು. ಸಿಸ್ಟಮ್‌ಟ್ಯಾಪ್‌ನ ಅಡಿಪಾಯ ಕೆಪ್ರೋಬ್ಸ್. ಕರ್ನೆಲ್‌ನ ಬೇಕಾದ ಸೂಚನೆಯ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ಅಲ್ಲಿಗೆ ಬಂದಾಗ ನಮ್ಮ ಕೋಡನ್ನು ನಡೆಸುವ ತಂತ್ರ ಅದು. 2002ರಲ್ಲಿ ಐಬಿಎಮ್ ಇಂಡಿಯಾದ ವಂಶಿ ಕೃಷ್ಣ ಅದರ ಮೊದಲ ರೂಪ ಬರೆದರು, 2004ರಲ್ಲಿ ಪ್ರಸನ್ನ ಪಂಚಮುಖಿ ಅದನ್ನು ಬೆಳೆಸಿದರು, ಅನಂತ ಮಾವಿನಕಾಯನಹಳ್ಳಿ ಮುಂದೆ ಅದರ ನಿರ್ವಾಹಕರಲ್ಲಿ ಒಬ್ಬರಾದರು. ಬೆಂಗಳೂರಿನಲ್ಲಿ ನಡೆದ ಈ ಕೆಲಸಕ್ಕೆ ಕನ್ನಡದ ಓದುಗರಲ್ಲಿ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ.

ಹೊಸ ಪ್ಯಾಚನ್ನು ಹಳೆಯ ಕರ್ನೆಲ್‌ಗೆ ಒಯ್ಯುವುದು, ಅಂದರೆ ಬ್ಯಾಕ್‌ಪೋರ್ಟ್, ಇನ್ನೊಂದು ಕಠಿಣ ಹಂತ. ಪ್ಯಾಚ್ ತಕರಾರಿಲ್ಲದೆ ಕೂತು ಕಂಪೈಲ್ ಆದರೆ ಸರಿಯಾಗಿದೆ ಎಂದರ್ಥವಲ್ಲ. 2016ರ ಪ್ಯಾಚ್ ಎಸ್390ಯಲ್ಲಿ ಸಾಧ್ಯವಾದದ್ದು 3.9ನೇ ಆವೃತ್ತಿಯಲ್ಲಿ ಆ ಯಂತ್ರಕ್ಕೆ ಸಾಫ್ಟ್‌ವೇರ್ ಡರ್ಟಿ ಬಿಟ್ ಬಂದಿದ್ದರಿಂದ. ಅದಕ್ಕಿಂತ ಹಳೆಯ ಕರ್ನೆಲ್‌ಗಳಲ್ಲಿ ಪುಟದ ಸ್ಥಿತಿಯನ್ನೇ ನೋಡಬೇಕು ಎಂದು ಪ್ಯಾಚ್‌ನ ವಿವರಣೆಯಲ್ಲೇ ಬರೆದಿದೆ. ಬ್ಯಾಕ್‌ಪೋರ್ಟ್ ಮಾಡುವವರು ಕೋಡಿಗಿಂತ ಮೊದಲು ಆ ವಿವರಣೆಯನ್ನು ಕೊನೆಯವರೆಗೆ ಓದಬೇಕು.

ಇಷ್ಟೆಲ್ಲ ಆದರೂ ಸರ್ವರ್ ರೀಬೂಟ್ ಆಗುವವರೆಗೆ ಓಡುತ್ತಿರುವುದು ಹಳೆಯ ಕರ್ನೆಲ್ಲೇ. ಉದ್ಯಮಬಾಗದಲ್ಲಿ ಪಾಳಿಯ ನಡುವೆ ಸರ್ವರ್ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ. ವಾರದ ರಜೆಯ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ದಾರಿ. ಖಾನಾಪುರದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಸರ್ವರ್ ತಾನೇ ಎದ್ದಿದ್ದರೆ ಹೊಸ ಕರ್ನೆಲ್ ಬಂದಿದೆ ಎಂದು ನಂಬುವಂತಿಲ್ಲ. ಬೂಟ್ ಪಟ್ಟಿಯಲ್ಲಿ ಹಳೆಯದೇ ಮೊದಲ ಆಯ್ಕೆಯಾಗಿ ಉಳಿದಿದ್ದ ಉದಾಹರಣೆ ಒಂದು ಹೆಂಚಿನ ಕಾರ್ಖಾನೆಯಲ್ಲಿ ಸಿಕ್ಕಿದೆ. ಪ್ಯಾಕೇಜ್ ಪಟ್ಟಿ ತೋರಿಸುವುದು ಸ್ಥಾಪಿಸಿದ ಆವೃತ್ತಿಯನ್ನು. ಓಡುತ್ತಿರುವ ಆವೃತ್ತಿಯನ್ನು ಹೇಳುವುದು ‘ಯುನೇಮ್ -ಆರ್’ ಆಜ್ಞೆ. ಎರಡೂ ಒಂದೇ ಎಂದು ಕಂಡ ಮೇಲೆ ಆ ಸರ್ವರ್‌ನ ಮಟ್ಟಿಗೆ ದೋಷ ತಿದ್ದಿದಂತೆ.