ಚಪ್ಪಲಿ ಜಾರುತ್ತದೆಯೇ? ಬೆನ್ನುಹುರಿಯ ಗಡ್ಡೆ ಕಲಿಸಿದ ಐದು ಪಾಠ

ನಂತೂರು ವೃತ್ತದ ಬಳಿಯ ಸ್ಕ್ಯಾನಿಂಗ್ ಕೇಂದ್ರದಲ್ಲಿ ನಾನು ದಿನವಿಡೀ ನೋಡುವುದು ಸೊಂಟನೋವಿನವರ ಎಂಆರ್‌ಐ. ಮೂಡುಬಿದಿರೆ, ಉಡುಪಿ, ಕಾಸರಗೋಡು ಕಡೆಯಿಂದ ಬರುವ ಬಹುಪಾಲು ಜನರದು ಡಿಸ್ಕ್ ತೊಂದರೆ. ಬೆನ್ನುಹುರಿಯೊಳಗಿನ ಗಡ್ಡೆ ತೀರಾ ಅಪರೂಪ. ಅದಕ್ಕೇ ಅದು ಕಣ್ತಪ್ಪುತ್ತದೆ.

1. ಚೀಟಿಗಿಂತ ಮೊದಲು ಮಾತು ಕೇಳಿ.
ಬೀಡಿ ಕಟ್ಟುವ ಅಮ್ಮನೊಬ್ಬರು ಬಂದಿದ್ದರು. ಚೀಟಿಯಲ್ಲಿ ಇದ್ದದ್ದು ಸೊಂಟದ ಎಂಆರ್‌ಐ ಎಂದಷ್ಟೇ. "ನಡೆಯುವಾಗ ಚಪ್ಪಲಿ ಜಾರಿದ್ದೇ ಗೊತ್ತಾಗುವುದಿಲ್ಲ ಡಾಕ್ಟ್ರೇ, ಹಿಂದೆ ಬರುವವರು ಹೇಳಬೇಕು" ಎಂದರು. ಬೇರೆ ಕಡೆ ತೆಗೆಸಿದ ಹಳೆಯ ಫಿಲ್ಮಿನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿತ್ತು. ಅದಕ್ಕೆಂದೇ ವರ್ಷದಿಂದ ಮಾತ್ರೆ ನುಂಗುತ್ತಿದ್ದರು. ಎರಡೂ ಕಾಲು ಬಿಗಿಯುವುದು, ಮಲಗಿದಾಗ ನೋವು ಹೆಚ್ಚುವುದು, ಮೂತ್ರ ಕಟ್ಟುವುದು ಇದ್ದರೆ ಬರೀ ಡಿಸ್ಕ್ ಎಂದು ಸುಮ್ಮನಾಗಬಾರದು.

2. ಹುರಿ ಸೊಂಟದ ಮೇಲ್ಭಾಗಕ್ಕೇ ಮುಗಿಯುತ್ತದೆ.
ದೊಡ್ಡವರಲ್ಲಿ ಅದು ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲಿ ಕೊನೆಗೊಳ್ಳುತ್ತದೆ. ಕೆಳಗಿರುವುದು ನರಗಳ ಗೊಂಚಲು. ಕಾಲು ಬಿಗಿದರೆ ಕಾರಣವನ್ನು ಮೇಲೆ ಹುಡುಕಬೇಕು. 1887ರಲ್ಲಿ ಲಂಡನ್ನಿನಲ್ಲಿ ನರರೋಗ ವೈದ್ಯ ಗೋವರ್ಸ್ ಬರೀ ಪರೀಕ್ಷೆಯಿಂದ ಗಡ್ಡೆಯ ಜಾಗ ಅಂದಾಜಿಸಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಮೊದಲು ತೆರೆದ ಜಾಗದಲ್ಲಿ ಸಿಗದೆ, ಇನ್ನೂ ಮೇಲಕ್ಕೆ ಹೋದಾಗಲೇ ಅದು ಶಸ್ತ್ರವೈದ್ಯ ಹಾರ್ಸ್ಲಿಯವರ ಕೈಗೆ ಸಿಕ್ಕಿದ್ದು. ನಾನೂ ಅಂದು ಆ ಅಮ್ಮನ ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನಿನ ಸ್ಕ್ಯಾನ್ ತೆಗೆದೆ. ಹೆಗಲೆಲುಬುಗಳ ನಡುವೆ ಹುರಿ, ಇಲಿ ನುಂಗಿದ ಕೇರೆಹಾವಿನ ಹಾಗೆ ಊದಿತ್ತು.

3. ಊದಿದ್ದೆಲ್ಲ ಗಡ್ಡೆಯಲ್ಲ.
ಉರಿಯೂತ, ಕ್ಷಯ, ರಕ್ತನಾಳದ ದೋಷದಿಂದಲೂ ಹುರಿ ಊದುತ್ತದೆ. ಬಲಹೀನತೆ ನಾಲ್ಕು ದಿನದ್ದೋ, ತಿಂಗಳುಗಟ್ಟಲೆಯದೋ ಎಂದು ಕೇಳಿ. ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಡಿ. ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ.

4. ಗಡ್ಡೆ ಕೂತ ಜಾಗ ಅದರ ಕುಲ ಹೇಳುತ್ತದೆ.
ದೊಡ್ಡವರಲ್ಲಿ ಹೆಚ್ಚು ಕಾಣುವ ಎಪೆಂಡಿಮೋಮ ಹುರಿಯ ನಟ್ಟನಡುವೆ ಬೆಳೆಯುತ್ತದೆ. ಹಳೆಯ ರಕ್ತದ ಕಲೆ ಅದರ ತುದಿಗಳಿಗೆ ಕಪ್ಪು ಟೋಪಿ ಇಟ್ಟಂತೆ ಕಾಣಬಹುದು. ಆ ಅಮ್ಮನಿಗೆ ಇದ್ದದ್ದು ಇದೇ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಆಸ್ಟ್ರೋಸೈಟೋಮ ಸಾಮಾನ್ಯವಾಗಿ ಒಂದು ಬದಿಗೆ ಸರಿದಿರುತ್ತದೆ, ಅಂಚು ಸ್ಪಷ್ಟವಿರುವುದಿಲ್ಲ. ಹಿಮಾಂಜಿಯೋಬ್ಲಾಸ್ಟೋಮ ಕಂಡರೆ ಮಿದುಳು, ಕಣ್ಣು, ಮೂತ್ರಪಿಂಡವನ್ನೂ ತೋರಿಸಬೇಕು; ವಾನ್ ಹಿಪೆಲ್-ಲಿಂಡೌ ಎಂಬ ಆನುವಂಶಿಕ ಕಾಯಿಲೆ ಇರಬಹುದು.

5. ವರದಿ ಬರೆದ ಕೂಡಲೇ ಚೀಟಿ ಕೊಟ್ಟ ವೈದ್ಯರಿಗೆ ಫೋನ್ ಮಾಡಿ.
ಶಸ್ತ್ರಚಿಕಿತ್ಸೆಯ ದಿನ ಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೆ ಮುಂದಿನ ನಡಿಗೆ ನಿಂತಿದೆ. ಶಸ್ತ್ರಚಿಕಿತ್ಸೆಯ ನಂತರದ ಮರುಸ್ಕ್ಯಾನಿಗೆ ಆ ಅಮ್ಮ ನಡೆದೇ ಬಂದರು, ಆದರೆ ಬಲಗಾಲಿನ ಬಿಗಿತ ಪೂರ್ತಿ ಬಿಟ್ಟಿರಲಿಲ್ಲ. ಕಳೆದುಹೋದ ಆ ಒಂದು ವರ್ಷ ನನ್ನನ್ನು ಈಗಲೂ ಕಾಡುತ್ತದೆ. ಸೊಂಟದ ಸ್ಕ್ಯಾನಿಗೆ ಬಂದ ಪ್ರತಿಯೊಬ್ಬರನ್ನೂ ಅಂದಿನಿಂದ ಕೇಳುತ್ತೇನೆ: ನಡೆಯುವಾಗ ಚಪ್ಪಲಿ ಜಾರುತ್ತದೆಯೇ?