ದ್ರಾಕ್ಷಿಯ ಮೇಣ, ಕಣ್ಣಿನ ಎಣ್ಣೆ

ದ್ರಾಕ್ಷಿ ಕಟಾವು ಶುರುವಾದರೆ ನನ್ನ ಕಣ್ಣೂ ಸುರಿಯಲು ಶುರು. ಹಗಲೆಲ್ಲ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಿಸಿಗಾಳಿ, ಗಂಧಕದ ಹೊಗೆ. ಸಂಜೆ ತೊರವಿಯ ಮನೆಗೆ ಬಂದು ಲೆಕ್ಕಕ್ಕೆಂದು ಕಂಪ್ಯೂಟರ್ ಮುಂದೆ ಕೂರುವುದು. ಧೂಳು ಬಿದ್ದಿರಬೇಕೆಂದು ಎರಡು ವರ್ಷ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನೇ ಹಾಕಿಕೊಂಡೆ. ಕೆಂಪು ಇಳಿಯುತ್ತಿತ್ತು, ಉರಿ ಇಳಿಯಲಿಲ್ಲ.

ಕೊನೆಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ವೈದ್ಯೆ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಪಟ್ಟಿ ಚೆನ್ನಾಗಿಯೇ ತೊಯ್ದಿತು. ಆಮೇಲೆ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯಬೇಡಿ ಎಂದು ಎಣಿಸಿದರು. 10 ಸೆಕೆಂಡಾದರೂ ನಿಲ್ಲಬೇಕಿದ್ದ ಕಣ್ಣೀರಿನ ಪದರ ಮೂರಕ್ಕೇ ಒಡೆಯಿತು. “ನಿಮ್ಮದು ಒಣಗಣ್ಣು” ಎಂದರು.

“ನೀರ ಸೋರಾಕತ್ತಾವ್ರೀ ಮೇಡಮ್, ಒಣಗೈತಿ ಅಂದ್ರ ಹ್ಯಾಂಗ್ರೀ?”

ರೆಪ್ಪೆಯಂಚಿನಲ್ಲಿ ಸಾಲಾಗಿ ಮೈಬೋಮಿಯನ್ ಗ್ರಂಥಿಗಳಿವೆ. ಅವು ಬಿಡುವ ಎಣ್ಣೆ ಕಣ್ಣೀರಿನ ಮೇಲೆ ಹರಡಿ, ಅದು ಆರದಂತೆ ಕಾಯುತ್ತದೆ. ಎಣ್ಣೆ ಕಟ್ಟಿಕೊಂಡರೆ ನೀರು ಆರುತ್ತದೆ, ಕಣ್ಣು ಉರಿಯುತ್ತದೆ, ಉರಿಗೆ ಇನ್ನಷ್ಟು ನೀರು ಬರುತ್ತದೆ. ಕೇಳುತ್ತಿದ್ದಂತೆ ನನಗೆ ಶೆಡ್ಡಿನ ಟಬ್ಬು ನೆನಪಾಯಿತು. ದ್ರಾಕ್ಷಿಯ ಸಿಪ್ಪೆ ಮೇಲೆ ಮೇಣವಿರುವ ತನಕ ಒಳಗಿನ ನೀರು ಬೇಗ ಹೊರಬರುವುದಿಲ್ಲ. ಅದಕ್ಕೇ ಪೊಟ್ಯಾಸಿಯಂ ಕಾರ್ಬೋನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ಮೇಣ ಸಡಿಲಿಸುತ್ತೇವೆ. ದ್ರಾಕ್ಷಿಗೆ ನಾನು ಬೇಕೆಂದೇ ಮಾಡುವುದು ನನ್ನ ಕಣ್ಣಿಗೆ ತಾನಾಗಿಯೇ ಆಗಿತ್ತು.

ಬಿಸಿ ಬಟ್ಟೆ, ಕೃತಕ ಕಣ್ಣೀರು ಸಾಲದಾದಾಗ ಐಪಿಎಲ್ ಎಂಬ ಬೆಳಕಿನ ಚಿಕಿತ್ಸೆಯ ಮಾತು ಬಂತು. ಮುಖದ ಕೆಂಪು ಇಳಿಸಲು ಚರ್ಮವೈದ್ಯರು ಬಳಸುತ್ತಿದ್ದ ದೀಪವಿದು. ಆ ರೋಗಿಗಳ ಕಣ್ಣೂ ಹಗುರಾದದ್ದನ್ನು ಅಮೆರಿಕದ ವೈದ್ಯ ರೊಲಾಂಡೋ ಟೊಯೋಸ್ ಗಮನಿಸಿದ್ದರು. ಬೆಳಕು ಬೀಳುವುದು ಕಣ್ಣೊಳಗಲ್ಲ, ರೆಪ್ಪೆಯ ಕೆಳಗಿನ ಚರ್ಮಕ್ಕೆ. ಅಲ್ಲಿ ಊದಿಕೊಂಡ ಕಿರುರಕ್ತನಾಳಗಳು ಅದನ್ನು ಹೀರಿ ಮುದುಡುತ್ತವೆ, ಉರಿಯೂತ ತಗ್ಗುತ್ತದೆ.

ಆದರೆ ಚರ್ಮದ ಕಪ್ಪು ಬಣ್ಣವೂ ಅದೇ ಬೆಳಕನ್ನು ಹೀರುತ್ತದೆ, ಸುಟ್ಟು ಕಲೆಯಾಗಬಹುದು. ಮೈಬಣ್ಣವನ್ನು 1ರಿಂದ 6ರವರೆಗೆ ಎಣಿಸುತ್ತಾರಂತೆ. 5, 6ಕ್ಕೆ ಸಾಮಾನ್ಯವಾಗಿ ಈ ಚಿಕಿತ್ಸೆ ಬೇಡವೆನ್ನುತ್ತಾರೆ. ನನ್ನದು 4. ಮೇಲಾಗಿ ಏಪ್ರಿಲ್ ಬಿಸಿಲು ತಿಂದು ಬಂದ ಮುಖ. ವೈದ್ಯೆ ಅಂದು ಬರಿಗೈಯಲ್ಲೇ ಕಳಿಸಿದರು. ಮುನಿಸಿಕೊಂಡೇ ಊರಿಗೆ ಮರಳಿದೆ. ಬೇಡ ಎನ್ನಬಲ್ಲ ವೈದ್ಯರನ್ನೇ ನಂಬಬೇಕೆಂದು ಈಗ ಎಲ್ಲರಿಗೂ ಹೇಳುತ್ತೇನೆ.

ಮಳೆಗಾಲದಲ್ಲಿ ಮತ್ತೆ ಹೋದೆ. ಕಣ್ಣಿಗೆ ಮುಚ್ಚಳ, ಕೆನ್ನೆಗೆ ತಣ್ಣನೆಯ ಜೆಲ್. ಒಂದೊಂದು ಮಿಂಚೂ ಒಗ್ಗರಣೆಯ ಸಾಸಿವೆ ಸಿಡಿದು ತಗುಲಿದಂತೆ. ಆಮೇಲೆ ರೆಪ್ಪೆ ಒತ್ತಿದಾಗ ಬಂದದ್ದು ಹೆರೆತ ತುಪ್ಪದಂಥ ಬಿಳಿ ಮುದ್ದೆ. ಅದು ಶೇಂಗಾ ಎಣ್ಣೆಯಂತೆ ತಿಳಿಯಾಗಿರಬೇಕಿತ್ತು. ಮೂರು ವಾರಕ್ಕೊಮ್ಮೆ ನಾಲ್ಕು ಸಲ ಮಾಡಿಸಿದ ಮೇಲೆ ಎಣಿಕೆ ಏಳು ಸೆಕೆಂಡಿಗೆ ಬಂತು. ಹತ್ತಾಗಲಿಲ್ಲ.

ಉಳಿದ ಮೂರನ್ನು ನಾನೇ ದುಡಿಯಬೇಕು. ರಾತ್ರಿ ಹತ್ತು ನಿಮಿಷ ಬಿಸಿ ಬಟ್ಟೆ. ಪರದೆ ನೋಡುವಾಗ ನೆನಪಿಟ್ಟು ಪೂರ್ತಿ ರೆಪ್ಪೆ ಮುಚ್ಚುವುದು. ಶೆಡ್ಡಿನಲ್ಲಿ ಸುತ್ತ ಮುಚ್ಚಿದ ಕನ್ನಡಕ. ಈ ಸಲ ಕೂಲಿಗೆ ಬಂದವರಿಗೂ ಕೈಗವಸಿನ ಜೊತೆ ಅಂಥದ್ದೇ ಕನ್ನಡಕ ತಂದೆ. ಮೊದಲ ದಿನ ಒಬ್ಬಾಕೆ ನಕ್ಕಳು: “ನಮ್ಮ ಕಣ್ಣಾಗ ನೀರ ಬೇಕಾದಷ್ಟ ಅದಾವ್ರೀ ಅಣ್ಣಾರ.”

ಟಬ್ಬಿನಿಂದ ಒಂದು ಗೊಂಚಲು ಎತ್ತಿ ಆಕೆಗೆ ತೋರಿಸಿದೆ. “ಇದರಾಗೂ ಅದಾವವ್ವಾ, ಹದಿನೈದು ದಿನ ಬಿಟ್ಟು ನೋಡು.”